ಬೇಸಿಗೆಯ ಹಸಿರು ನೀರು: ಪಾಚಿಯ ಕೆಲಸವನ್ನು ಮರಳಿನ ಮೇಲೆ ಹಾಕಬೇಡಿ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಬಹುಗ್ರಾಮ ಕುಡಿಯುವ ನೀರಿನ ಘಟಕದಲ್ಲಿ ಆಪರೇಟರ್. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಕೆರೆಗೆ ತುಂಬಿಸಿಕೊಳ್ಳುತ್ತೇವೆ. ಕಾಲುವೆ ಬಂದ್ ಆದ ಮೇಲೆ ಬೇಸಿಗೆ ಪೂರ್ತಿ ಅದೇ ನೀರು. ಮಳೆಗಾಲದಲ್ಲಿ ದಿನಕ್ಕೊಂದು ಬ್ಯಾಕ್‌ವಾಶ್ (ಫಿಲ್ಟರಿಗೆ ಕೆಳಗಿನಿಂದ ನೀರು ಹಾಯಿಸಿ ತೊಳೆಯುವುದು) ಸಾಕು. ಏಪ್ರಿಲ್ ಬಂತೆಂದರೆ ನೀರು ಹಸಿರು, ನಾಲ್ಕೈದು ಗಂಟೆಗೇ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪಟಕ (ಆಲಂ) ಎಷ್ಟು ಹಾಕಿದರೂ ಹಸಿರು ಪೂರ್ತಿ ಹೋಗುವುದಿಲ್ಲ. ಜನ ಮಣ್ಣಿನ ವಾಸನೆ ಅಂತ ದೂರು ಹೇಳುತ್ತಾರೆ. ಇನ್ನೂ ಸಣ್ಣ ಮರಳು ಹಾಕಿಸಿದರೆ ಸರಿಹೋಗುತ್ತದೆಯೇ? ಕೆರೆಗೇ ಬ್ಲೀಚಿಂಗ್ ಪೌಡರ್ ಅಥವಾ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಬಹುದೇ? ಕಾಯಿಸಿ ಕುಡಿಯಿರಿ ಅಂತ ಜನರಿಗೆ ಹೇಳಿದರೆ ಸಾಕೇ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸಣ್ಣ ಮರಳು ಹಾಕಿಸಬೇಡಿ. ಹಸಿರಾದ ಕೆರೆಗೆ ಬ್ಲೀಚಿಂಗನ್ನೂ ಮೈಲುತುತ್ತವನ್ನೂ ಹಾಕಬೇಡಿ. ಕಾಯಿಸಿದರೆ ರೋಗಾಣು ಸಾಯುತ್ತವೆ, ಪಾಚಿಯ ವಿಷ ಹೋಗುವುದಿಲ್ಲ. ಯಾಕೆ ಎನ್ನುವುದು ತಿಳಿದರೆ ಮುಂದೇನು ಮಾಡಬೇಕು ಅನ್ನುವುದು ಅರ್ಧ ನಿಮಗೇ ಹೊಳೆಯುತ್ತದೆ.

ಮರಳಿನಿಂದ ಶುರು ಮಾಡೋಣ. ನಿಮ್ಮದು ರ‍್ಯಾಪಿಡ್ ಸ್ಯಾಂಡ್ ಫಿಲ್ಟರ್, ಅಂದರೆ ನೀರು ಬೇಗ ಇಳಿದುಹೋಗುವ ಮರಳಿನ ಸೋಸು. ಅದರ ಮರಳಿನ ಕಾಳು ಸುಮಾರು ಅರ್ಧ ಮಿಲಿಮೀಟರ್ ಇರುತ್ತದೆ. ಕಾಳು ಕಾಳಿನ ನಡುವಿನ ಸಂದು ಸುಮಾರು 70–80 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್). ಬೇಸಿಗೆಯಲ್ಲಿ ಕೆರೆಯನ್ನು ಹಸಿರು ಮಾಡುವ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ಒಂದು ಕೋಶ ಐದು ಮೈಕ್ರಾನ್ ಆಸುಪಾಸು. ಲೆಕ್ಕ ನೋಡಿ, ಒಂದು ಸಂದಿನಲ್ಲಿ ಹತ್ತಾರು ಕೋಶ ಒಟ್ಟಿಗೆ ದಾಟಿಹೋಗಬಹುದು. ಅಂದರೆ ಮರಳು ಪಾಚಿಯನ್ನು ಸೋಸಿ ಹಿಡಿಯುವುದಿಲ್ಲ. ಪಟಕದ ಜೊತೆ ಸೇರಿ ಅಂಟಾದ ಪಾಚಿ ಮಾತ್ರ ಮರಳಿನ ಕಾಳಿಗೆ ಅಂಟಿಕೊಂಡು ನಿಲ್ಲುತ್ತದೆ. ಪಟಕ ಹಿಡಿಯದ ಪಾಚಿ ಓವರ್‌ಹೆಡ್ ಟ್ಯಾಂಕಿಗೇ ಹೋಗುತ್ತದೆ. ನಿಮ್ಮ ಸೋಸಿದ ನೀರಿನಲ್ಲೂ ಹಸಿರು ಉಳಿಯುವುದು ಇದಕ್ಕೇ.

ಹಾಗಾದರೆ ಫಿಲ್ಟರ್ ಕಟ್ಟಿಕೊಳ್ಳುವುದು ಯಾಕೆ? ಪಾಚಿಯಲ್ಲಿ ಒಂದೇ ಜಾತಿ ಇರುವುದಿಲ್ಲ. ಸಿನೆಡ್ರಾದಂಥ ಡಯಾಟಮ್‌ಗಳು ಉದ್ದ ಸೂಜಿಯ ಆಕಾರದವು, ನೂರು ಮೈಕ್ರಾನಿಗೂ ಉದ್ದ ಬೆಳೆಯುತ್ತವೆ, ಮೈಯೆಲ್ಲ ಸಿಲಿಕದ ಗಟ್ಟಿ ಚಿಪ್ಪು. ಅವು ಮರಳಿನ ಮೇಲೆ ಅಡ್ಡಡ್ಡ ಬಿದ್ದು ಹೆಣೆದುಕೊಳ್ಳುತ್ತವೆ. ಮುಂದಿನ ಸಲ ಫಿಲ್ಟರ್ ಕಟ್ಟಿದಾಗ ಬ್ಯಾಕ್‌ವಾಶ್ ಮಾಡುವ ಮೊದಲು ನೀರನ್ನು ಮರಳಿನ ಮಟ್ಟಕ್ಕೆ ಇಳಿಸಿ, ಮೇಲ್ಪದರವನ್ನು ಬೆರಳಲ್ಲಿ ಎತ್ತಿ ನೋಡಿ. ಒದ್ದೆ ಕಂಬಳಿಯ ತುಂಡಿನ ಹಾಗೆ ಎದ್ದು ಬಂದರೆ, ಎರಡು ಇಂಚು ಕೆಳಗಿನ ಮರಳು ಸ್ವಚ್ಛವಾಗಿಯೇ ಇದ್ದರೆ, ನಿಮ್ಮ ಫಿಲ್ಟರಿನ ಮೇಲಿನ ಚರ್ಮ ಮಾತ್ರ ಕೆಲಸ ಮಾಡುತ್ತಿದೆ, ಉಳಿದ ಎರಡು ಅಡಿ ಮರಳು ಸುಮ್ನೆ ಕೂತಿದೆ ಅಂತ ಅರ್ಥ. ಸಣ್ಣ ಮರಳು ಹಾಕಿಸಿದರೆ ಈ ಚರ್ಮ ಇನ್ನೂ ಬೇಗ ಕಟ್ಟುತ್ತದೆ. ನಾಲ್ಕು ಗಂಟೆಯದ್ದು ಎರಡು ಗಂಟೆಗೆ ಇಳಿಯುತ್ತದೆ. ಮೇಲಿಂದ, ಬ್ಯಾಕ್‌ವಾಶ್‌ನಲ್ಲಿ ಸಣ್ಣ ಮರಳು ತೊಳೆದುಕೊಂಡು ಹೋಗುತ್ತದೆ.

ಬೇಕಾದ್ದು ಇದರ ಉಲ್ಟಾ. ಮೇಲೆ ದಪ್ಪ ಕಾಳು, ಕೆಳಗೆ ಸಣ್ಣ ಕಾಳು. ಒಂದು ಮಿಲಿಮೀಟರ್ ಆಸುಪಾಸಿನ ಆಂಥ್ರಸೈಟ್ ಕಲ್ಲಿದ್ದಲನ್ನು ಮರಳಿನ ಮೇಲೆ ಒಂದು ಪದರ ಹಾಕಿದರೆ, ಅದು ಹಗುರ, ಬ್ಯಾಕ್‌ವಾಶ್ ಆದಮೇಲೂ ಮೇಲೆಯೇ ಕೂರುತ್ತದೆ. ಕೊಳೆ ಆಳದವರೆಗೆ ಹಂಚಿಕೊಳ್ಳುತ್ತದೆ, ಫಿಲ್ಟರ್ ಹೆಚ್ಚು ಹೊತ್ತು ಓಡುತ್ತದೆ. ನಿಮ್ಮ ಫಿಲ್ಟರ್ ಬಾಕ್ಸಿನಲ್ಲಿ ಅಷ್ಟು ಎತ್ತರ ಇದೆಯೇ, ಬ್ಯಾಕ್‌ವಾಶ್ ಪಂಪಿಗೆ ಆ ಶಕ್ತಿ ಇದೆಯೇ ಅನ್ನುವುದನ್ನು ಇಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿಯೇ ಮುಂದುವರಿಯಿರಿ.

ಆದರೆ ನನ್ನ ಮಾತಿನ ತಿರುಳು ಫಿಲ್ಟರಿನಲ್ಲಿಲ್ಲ. ಪಾಚಿಯನ್ನು ಮರಳಿಗೆ ಬರುವ ಮೊದಲೇ ತೆಗೆಯಬೇಕು. ತೆಗೆಯುವಾಗ ಕೋಶವನ್ನು ಒಡೆಯದೆ, ಇಡಿಯಾಗಿ ತೆಗೆಯಬೇಕು. ವಾಸನೆಯೂ ವಿಷವೂ ಬಹುಪಾಲು ಕೋಶದ ಒಳಗೇ ಇರುತ್ತವೆ. ಕೋಶ ಇಡಿಯಾಗಿದ್ದರೆ ಪಟಕಕ್ಕೆ ಸಿಗುತ್ತದೆ, ಮಡ್ಡಿಯ ಜೊತೆ ಹೊರಗೆ ಹೋಗುತ್ತದೆ. ಒಡೆದರೆ ಒಳಗಿದ್ದದ್ದೆಲ್ಲ ನೀರಿನಲ್ಲಿ ಕರಗುತ್ತದೆ. ಕರಗಿದ್ದನ್ನು ಪಟಕವೂ ಹಿಡಿಯುವುದಿಲ್ಲ, ಮರಳೂ ಹಿಡಿಯುವುದಿಲ್ಲ.

ಬ್ಲೀಚಿಂಗ್, ಮೈಲುತುತ್ತ ಬೇಡ ಅಂದದ್ದು ಇದಕ್ಕೇ. ಮೈಲುತುತ್ತಕ್ಕೆ ದೊಡ್ಡ ಇತಿಹಾಸವಿದೆ. ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಎಂಬ ವಿಜ್ಞಾನಿಗಳು 1904ರಲ್ಲಿ ಜಲಾಶಯದ ಪಾಚಿಗೆ ಇದನ್ನು ಸೂಚಿಸಿದರು. ಆಮೇಲೆ ಜಗತ್ತಿನ ತುಂಬ ಬಳಕೆಗೆ ಬಂತು. ಆದರೆ ಕೆರೆ ಪೂರ್ತಿ ಹಸಿರಾದ ಮೇಲೆ ಹಾಕಿದರೆ ಕೋಟ್ಯಂತರ ಕೋಶ ಒಂದೇ ಸಲ ಒಡೆಯುತ್ತವೆ. ಎರಡು ದಿನ ನೀರು ತಿಳಿಯಾಗಿ ಕಾಣುತ್ತದೆ, ಎಲ್ಲರಿಗೂ ಖುಷಿ. ಕರಗಿದ ವಿಷ ಮಾತ್ರ ಆ ತಿಳಿ ನೀರಿನಲ್ಲೇ ಇರುತ್ತದೆ. ಸತ್ತ ಪಾಚಿ ಕೊಳೆತು ಆಮ್ಲಜನಕ ಎಳೆದುಕೊಂಡು ಮೀನು ಸಾಯುತ್ತವೆ. ತಾಮ್ರ ತಳದ ಹೂಳಿನಲ್ಲಿ ವರ್ಷ ವರ್ಷ ಸೇರುತ್ತದೆ. ಸುಣ್ಣದಂಶ ಜಾಸ್ತಿ ಇರುವ ನೀರಿನಲ್ಲಿ ಅದು ಬೇಗ ಗಸಿಯಾಗಿ ಕೂರುವುದರಿಂದ ಡೋಸ್ ಏರಿಸುತ್ತಲೇ ಹೋಗಬೇಕಾಗುತ್ತದೆ. ಪಾಚಿ ಹಬ್ಬಲು ಶುರುವಾಗುವ ಹೊತ್ತಿಗೇ, ಕೋಶಗಳನ್ನು ಎಣಿಸಿ ನೋಡಿ, ತಿಳಿದವರ ಕಣ್ಣೆದುರು ಕೆರೆಯ ಒಂದು ಭಾಗಕ್ಕೆ ಹಾಕುವುದು ಬೇರೆ ಮಾತು. ಮೇ ತಿಂಗಳಲ್ಲಿ ಹರಿಗೋಲಿನಲ್ಲಿ ಚೀಲ ಕಟ್ಟಿಕೊಂಡು ಕೆರೆ ಸುತ್ತುವುದು ಅದಲ್ಲ.

ನೀರು ಒಳಬರುವ ಘಟಕದ ಬಾಯಲ್ಲೇ, ಪಟಕಕ್ಕೂ ಮೊದಲು ಕ್ಲೋರಿನ್ ಹಾಕುವ ಅಭ್ಯಾಸವೂ ಬಹಳ ಕಡೆ ಇದೆ. ಪಟಕ ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ಅದಕ್ಕೆ ಕೊಡುವ ಕಾರಣ, ಕೆಲವು ಪಾಚಿಗೆ ಅದು ನಿಜವೂ ಹೌದು. ಆದರೆ ಹಸಿರು ನೀರಿಗೆ ಜಾಸ್ತಿ ಕ್ಲೋರಿನ್ ಸುರಿದರೆ ಕೋಶ ಒಡೆಯುತ್ತದೆ, ಪಾಚಿಯ ಸಾವಯವ ಅಂಶ ಕ್ಲೋರಿನ್ ಜೊತೆ ಸೇರಿ ಕ್ಲೋರೋಫಾರ್ಮ್‌ನಂಥ ಹಾನಿಕಾರಕ ವಸ್ತುಗಳು ಹುಟ್ಟುತ್ತವೆ. ನೀಲಿ-ಹಸಿರು ಪಾಚಿ ಇರುವ ದಿನಗಳಲ್ಲಿ ಅಲ್ಲಿನ ಕ್ಲೋರಿನ್ ನಿಲ್ಲಿಸಿ, ಫಿಲ್ಟರ್ ದಾಟಿದ ಮೇಲಷ್ಟೇ ಹಾಕಿ.

ಈಗ ಪಟಕದ ಸಂಗತಿ. ನಿಮ್ಮ ತೊಂದರೆಯ ಬೇರು ಬಹುಶಃ ಇಲ್ಲಿದೆ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಪಾಚಿ ಗಿಡದ ಹಾಗೆ ಬಿಸಿಲಿನಲ್ಲಿ ಆಹಾರ ತಯಾರಿಸುತ್ತದೆ. ಅದಕ್ಕೆ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ. ಅದು ಕಡಿಮೆಯಾದಂತೆ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ಸಮ, ಮೇಲೇರಿದಷ್ಟೂ ಕ್ಷಾರ) ಏರುತ್ತದೆ. ಬೆಳಗಿನ ಜಾವ 8ರ ಆಸುಪಾಸು ಇರುವ ಕೆರೆ ನೀರು ಮಧ್ಯಾಹ್ನ ಮೂರರ ಹೊತ್ತಿಗೆ 9 ದಾಟಬಹುದು. ಪಟಕ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 6ರಿಂದ 7.5ರ ಒಳಗೆ. 9ರಲ್ಲಿ ಅದರ ಅಲ್ಯೂಮಿನಿಯಂ ಗಡ್ಡೆಕಟ್ಟುವ ಬದಲು ಒಂದಿಷ್ಟು ನೀರಿನಲ್ಲೇ ಕರಗಿ ಉಳಿಯುತ್ತದೆ. ನೀವು ಎಷ್ಟು ಹಾಕಿದರೂ ಹಸಿರು ಹೋಗುವುದಿಲ್ಲ ಅಂದಿರಿ, ಅಲ್ವಾ? ಬೆಳಿಗ್ಗೆ ಹತ್ತಕ್ಕೆ ನೋಡಿ ಇಟ್ಟ ಡೋಸು ಮಧ್ಯಾಹ್ನದ ನೀರಿಗೆ ನಾಟದೇ ಇರುವುದೇ ಬಹಳ ಘಟಕಗಳ ಕಥೆ. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಅಲ್ಯೂಮಿನಿಯಂಗೆ ಲೀಟರಿಗೆ 0.03 ಮಿಲಿಗ್ರಾಂ ಮಿತಿ ಇದೆ. ಬೇರೆ ನೀರೇ ಇಲ್ಲದಿದ್ದರೆ 0.2ರವರೆಗೆ. ಕಣ್ಣುಮುಚ್ಚಿ ಪಟಕ ಏರಿಸಿದರೆ ಈ ಮಿತಿಯೂ ದಾಟುತ್ತದೆ.

ಮೊದಲು ಮಾಡಬೇಕಾದ್ದು ಇಷ್ಟು. ಒಂದು ದಿನ ಪೂರ್ತಿ ಎರಡೆರಡು ಗಂಟೆಗೊಮ್ಮೆ ಕೆರೆ ನೀರಿನ ಪಿಎಚ್ ಬರೆದಿಡಿ. ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೀಲ್ಡ್ ಟೆಸ್ಟ್ ಕಿಟ್ಟೂ ನಡೆಯುತ್ತದೆ. ಪಿಎಚ್ ಯಾವಾಗ ಕಡಿಮೆಯೋ ಆ ಹೊತ್ತಿನಲ್ಲಿ ಜಾಸ್ತಿ ನೀರು ಶುದ್ಧ ಮಾಡಿ ಸಂಪಿಗೆ ತುಂಬಿಸಿಕೊಳ್ಳಿ. ಸಾಮಾನ್ಯವಾಗಿ ಅದು ನಡುರಾತ್ರಿಯಿಂದ ಬೆಳಿಗ್ಗೆ ಒಂಬತ್ತರವರೆಗೆ. ಮಧ್ಯಾಹ್ನ ಆದಷ್ಟು ಕಡಿಮೆ ಓಡಿಸಿ. ಕರೆಂಟಿನ ವೇಳಾಪಟ್ಟಿ ಇದಕ್ಕೆ ಅಡ್ಡ ಬರುತ್ತದೆ ಅಂತ ಗೊತ್ತು. ಆದರೂ ಪಿಎಚ್ ಬರೆದ ಆ ಒಂದು ಹಾಳೆ ಹಿಡಿದು ಮೇಲಧಿಕಾರಿಗಳ ಹತ್ತಿರ ಕೇಳಿ. ಒಂದು ಪೈಸೆ ಖರ್ಚಿಲ್ಲದೆ ಆಗುವ ಸುಧಾರಣೆ ಇದು.

ಎರಡನೆಯದು ಜಾರ್ ಟೆಸ್ಟ್. ಯಂತ್ರ ಇಲ್ಲ ಅಂತ ಬಿಡಬೇಡಿ. ಒಂದೇ ಅಳತೆಯ ಆರು ಪಾರದರ್ಶಕ ಡಬ್ಬ ಸಾಕು. ಒಂದೊಂದರಲ್ಲೂ ಒಂದು ಲೀಟರ್ ಕೆರೆ ನೀರು, ಒಂದೊಂದಕ್ಕೂ ಪಟಕದ ದ್ರಾವಣ ಬೇರೆ ಬೇರೆ ಪ್ರಮಾಣ. ಒಂದು ನಿಮಿಷ ಜೋರಾಗಿ ತಿರುಗಿಸಿ, ಹದಿನೈದು-ಇಪ್ಪತ್ತು ನಿಮಿಷ ಮೆಲ್ಲಗೆ, ಆಮೇಲೆ ಅರ್ಧ ಗಂಟೆ ಅಲುಗಿಸದೆ ಬಿಡಿ. ಗಡ್ಡೆಯ ಗಾತ್ರ ನೋಡಿ ಮರುಳಾಗಬೇಡಿ. ಪಾಚಿ ಸೇರಿದ ಗಡ್ಡೆ ಹತ್ತಿಯ ಎಳೆಯಂತೆ ದೊಡ್ಡದಾಗಿ ಕಾಣುತ್ತದೆ, ಆದರೆ ಹಗುರ, ಅರ್ಧದಲ್ಲೇ ತೇಲುತ್ತಾ ನಿಲ್ಲುತ್ತದೆ. ಮೇಲಿನ ತಿಳಿ ನೀರನ್ನು ಫಿಲ್ಟರ್ ಪೇಪರಿನಲ್ಲಿ ಇಳಿಸಿ, ಪೇಪರಿನ ಬಣ್ಣ ನೋಡಿ. ಯಾವ ಡಬ್ಬದ್ದು ಎಲ್ಲಕ್ಕಿಂತ ಬಿಳಿಯೋ ಅದು ನಿಮ್ಮ ಡೋಸ್. ಈ ಪರೀಕ್ಷೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ. ಎರಡೂ ಹೊತ್ತಿನ ಡೋಸ್ ಬೇರೆ ಬೇರೆ ಬಂದರೆ ಆಶ್ಚರ್ಯಪಡಬೇಡಿ.

ಹೀಗೆ ಮಾಡಿಯೂ ಹಿಡಿಯದಿದ್ದರೆ ಪಟಕದ ಬದಲು ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ನೋಡಿ. ಪಿಎಚ್ ಸ್ವಲ್ಪ ಏರಿದ ನೀರಿನಲ್ಲೂ ಪಟಕಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಕೊಳ್ಳುವ ಮೊದಲು ಅದೇ ಡಬ್ಬಗಳಲ್ಲಿ ಪರೀಕ್ಷೆ ಮಾಡಿ. ಪಾಲಿಮರ್ ಸೇರಿಸಿ ಅಂತ ಯಾರಾದರೂ ಹೇಳಿದರೆ ಎಚ್ಚರ. ಒಂಚೂರು ಜಾಸ್ತಿಯಾದರೂ ಮರಳಿನ ಮೇಲೆ ಗೋಂದಾಗಿ ಕೂತು, ಈಗಿರುವುದಕ್ಕಿಂತ ಬೇಗ ಫಿಲ್ಟರ್ ಕಟ್ಟುತ್ತದೆ.

ಪಾಚಿಯ ಗಡ್ಡೆ ಹಗುರ ಅಂದೆನಲ್ಲ, ಹಾಗಾಗಿ ಗಡ್ಡೆ ಕಟ್ಟಿಸಿ ತಳಕ್ಕೆ ಕೂರಿಸುವ ತೊಟ್ಟಿಯಲ್ಲಿ, ಅಂದರೆ ಕ್ಲಾರಿಫ್ಲಾಕ್ಯುಲೇಟರಿನಲ್ಲಿ, ನೀರು ನಿಧಾನ ಹೋಗಬೇಕು. ಹತ್ತು ಗಂಟೆಯಲ್ಲಿ ಮಾಡುವ ನೀರನ್ನು, ಮಧ್ಯಾಹ್ನ ಬಿಟ್ಟು, ಹದಿನಾರು ಗಂಟೆಗೆ ಹಂಚಿ. ತಳದ ಮಡ್ಡಿಯನ್ನು ದಿನವೂ ತೆಗೆಯಿರಿ. ಮಡ್ಡಿಯೊಳಗಿನ ಪಾಚಿ ಕೆಲವೇ ದಿನಕ್ಕೆ ಸತ್ತು ಒಡೆದು, ಒಳಗಿದ್ದದ್ದನ್ನು ಮತ್ತೆ ನೀರಿಗೇ ಬಿಡುತ್ತದೆ. ಬ್ಯಾಕ್‌ವಾಶ್ ನೀರನ್ನು ಉಳಿತಾಯ ಅಂತ ತಿರುಗಿ ಬಾಯಿಗೆ ಬಿಡುವ ವ್ಯವಸ್ಥೆ ಇದ್ದರೆ ಈ ಎರಡು ತಿಂಗಳು ಅದನ್ನು ನಿಲ್ಲಿಸಿ. ಆ ನೀರು ಕೆರೆಗೂ ಹೋಗಬಾರದು.

ಕೂರದ್ದನ್ನು ಕೂರಿಸಲು ಹೆಣಗುವ ಬದಲು ತೇಲಿಸಿಯೇ ತೆಗೆಯುವ ವಿಧಾನವೂ ಇದೆ. ಒತ್ತಡದಲ್ಲಿ ಗಾಳಿ ಕರಗಿಸಿದ ನೀರನ್ನು ತೊಟ್ಟಿಯ ತಳದಲ್ಲಿ ಬಿಟ್ಟರೆ ಹಾಲಿನ ಬಣ್ಣದ ನುಣ್ಣನೆ ಗುಳ್ಳೆ ಏಳುತ್ತವೆ. ಅವು ಪಾಚಿಯ ಗಡ್ಡೆಗೆ ಅಂಟಿ ಮೇಲಕ್ಕೆ ತರುತ್ತವೆ, ಮೇಲಿಂದ ಬಳಿದು ತೆಗೆಯುವುದಷ್ಟೇ. ಡಿಸಾಲ್ವ್ಡ್ ಏರ್ ಫ್ಲೋಟೇಶನ್ ಅಂತ ಹೆಸರು. ಪಾಚಿಗೆ ಇದಕ್ಕಿಂತ ಒಳ್ಳೆಯ ವಿಧಾನ ದೊಡ್ಡ ಘಟಕಗಳಲ್ಲಿ ನಾನು ಕಾಣೆ. ಆದರೆ ಕಂಪ್ರೆಸರ್, ಒತ್ತಡದ ಪಂಪು, ನಿಲ್ಲದ ಕರೆಂಟು ಬೇಕು. ನಾಲ್ಕಾರು ಹಳ್ಳಿಯ ಘಟಕಕ್ಕೆ ಈಗಲೇ ಇದನ್ನು ಹಾಕಿಸಿ ಅಂತ ನಾನು ಹೇಳುವುದಿಲ್ಲ. ಹೊಸ ಘಟಕದ ಅಂದಾಜುಪಟ್ಟಿ ಆಗುವಾಗ, ಮೂಲ ಕೆರೆ ನೀರಾಗಿದ್ದರೆ, ಖಂಡಿತ ಕೇಳಿ.

ನಿಮಗೆ ಹೊಂದುವುದು ಜಲ್ಲಿಯ ಮುಂಸೋಸು. ಉದ್ದದ ತೊಟ್ಟಿ, ಮೊದಲು ದಪ್ಪ ಜಲ್ಲಿ, ಆಮೇಲೆ ನಡುಗಾತ್ರ, ಕೊನೆಗೆ ಸಣ್ಣದು, ನೀರು ಗಂಟೆಗೆ ಒಂದು ಮೀಟರಿನಷ್ಟು ನಿಧಾನಕ್ಕೆ ಅಡ್ಡಲಾಗಿ ಹರಿಯುತ್ತದೆ. ಯಂತ್ರ ಇಲ್ಲ, ರಾಸಾಯನಿಕ ಇಲ್ಲ. ಪಾಚಿಯ ಒಳ್ಳೆಯ ಪಾಲು ಅಲ್ಲೇ ನಿಲ್ಲುತ್ತದೆ. ಜಾಗ ಬೇಕು, ವರ್ಷಕ್ಕೊಮ್ಮೆ ಜಲ್ಲಿ ತೊಳೆಯುವ ಕೆಲಸ ಇದೆ. ಲಂಡನ್ನಿನಲ್ಲೂ ಥೇಮ್ಸ್ ನದಿಯ ನೀರನ್ನು ದೊಡ್ಡ ಜಲಾಶಯಗಳಲ್ಲಿ ನಿಲ್ಲಿಸಿ, ಪಾಚಿಯ ಕಾಟಕ್ಕೆ ಮೊದಲು ಒಂದು ಬೇಗದ ಸೋಸು, ಆಮೇಲೆ ನಿಧಾನದ ಮರಳಿನ ಸೋಸು ಅಂತ ಎರಡು ಹಂತ ಇಟ್ಟುಕೊಂಡಿದ್ದಾರೆ. ಜೇಮ್ಸ್ ಸಿಂಪ್ಸನ್ ಅದೇ ಊರಿನ ಚೆಲ್ಸಿಯಲ್ಲಿ 1829ರಲ್ಲಿ ಮರಳಿನ ಸೋಸು ಕಟ್ಟಿದವರು. ಅಲ್ಲಿಯವರಿಗೂ ಒಂದೇ ಮರಳಿನ ಮೇಲೆ ಎಲ್ಲ ಹೊರೆ ಹಾಕುವುದು ಆಗಲಿಲ್ಲ.

ಇನ್ನು ಕೆರೆಯಿಂದ ನೀರು ಎತ್ತುವ ಜಾಗ. ಒಂದು ಪಾರದರ್ಶಕ ಬಾಟಲಿಯಲ್ಲಿ ಕೆರೆ ನೀರು ತುಂಬಿ ರಾತ್ರಿಯಿಡೀ ಅಲುಗಾಡದಂತೆ ಇಡಿ. ಬೆಳಿಗ್ಗೆ ಹಸಿರು ಮೇಲೆ ಕೆನೆಗಟ್ಟಿದ್ದರೆ ಅದು ಮೈಕ್ರೋಸಿಸ್ಟಿಸ್ ಜಾತಿಯದ್ದಿರಬಹುದು. ಅದರ ಕೋಶದಲ್ಲಿ ಗಾಳಿಯ ಪುಟ್ಟ ಚೀಲಗಳಿವೆ, ಗಾಳಿ ಬೀಸದ ಹೊತ್ತಿನಲ್ಲಿ ಮೇಲೆ ತೇಲುತ್ತದೆ. ಕೆಳಗೆ ಕೂತಿದ್ದರೆ ಡಯಾಟಮ್ ಅಥವಾ ಸಾಮಾನ್ಯ ಹಸಿರು ಪಾಚಿ ಇರುವ ಸಂಭವ ಜಾಸ್ತಿ. ತೇಲುವ ಜಾತಿಯಾಗಿದ್ದರೆ ನೀರೆತ್ತುವ ಬಾವಿಯ, ಅಂದರೆ ಜಾಕ್‌ವೆಲ್ಲಿನ, ಮೇಲಿನ ಕಿಂಡಿ ಮುಚ್ಚಿ, ಒಂದೂವರೆ-ಎರಡು ಮೀಟರ್ ಕೆಳಗಿನ ಕಿಂಡಿಯಿಂದ ಎತ್ತಿ. ತೀರಾ ತಳದಿಂದ ಬೇಡ, ಅಲ್ಲಿ ಆಮ್ಲಜನಕ ಇಲ್ಲದೆ ಕಬ್ಬಿಣ, ಮ್ಯಾಂಗನೀಸ್, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಗಾಳಿ ಪಾಚಿಯ ಕೆನೆಯನ್ನು ಯಾವ ದಡಕ್ಕೆ ತಳ್ಳುತ್ತದೆ ನೋಡಿ. ಅದು ಜಾಕ್‌ವೆಲ್ ಇರುವ ದಡವೇ ಆಗಿದ್ದರೆ ಸುತ್ತ ತೇಲುವ ತಡೆ ಕಟ್ಟಿಸಿ. ಖಾಲಿ ಡ್ರಮ್ಮು, ಅದರಿಂದ ಒಂದು ಮೀಟರ್ ಕೆಳಗೆ ಇಳಿಬಿಟ್ಟ ತಾಡಪತ್ರಿ ಸಾಕಾಗುತ್ತದೆ.

ಫಿಲ್ಟರಿನದ್ದೇ ಇನ್ನೊಂದು ತೊಂದರೆಯನ್ನು ನೀವು ಬರೆದಿಲ್ಲ, ಆದರೆ ಇರಬಹುದು. ಹಗಲು ಪಾಚಿ ಬಿಡುವ ಆಮ್ಲಜನಕ ನೀರಿನಲ್ಲಿ ತುಂಬಿ ತುಳುಕುತ್ತಿರುತ್ತದೆ. ಅರ್ಧ ಕಟ್ಟಿದ ಮರಳಿನೊಳಗೆ ಒತ್ತಡ ಇಳಿದಾಗ ಅದು ಗುಳ್ಳೆಯಾಗಿ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮರಳು ಕಟ್ಟಿಲ್ಲ, ಗಾಳಿ ಕಟ್ಟಿದೆ. ಬ್ಯಾಕ್‌ವಾಶ್ ಶುರು ಮಾಡಿದ ಕೂಡಲೇ ದೊಡ್ಡ ಗುಳ್ಳೆಗಳು ಭುಸುಗುಟ್ಟಿ ಎದ್ದರೆ ಇದೇ. ಮರಳಿನ ಮೇಲಿನ ನೀರಿನ ಎತ್ತರ ಕಡಿಮೆಯಾಗದಂತೆ ನೋಡಿಕೊಳ್ಳಿ, ಪೂರ್ತಿ ಕಟ್ಟುವವರೆಗೆ ಕಾಯದೆ ಮೊದಲೇ ತೊಳೆಯಿರಿ. ತೊಳೆದ ಮೇಲೆ ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಡಿ.

ಮಣ್ಣಿನ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದ್ದು. ಮೊದಲ ಮಳೆಗೆ ನೆಲದಿಂದ ಏಳುವ ವಾಸನೆಯಲ್ಲೂ ಇದೇ ಇದೆ. ಒಂದು ಲೀಟರಿನಲ್ಲಿ ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಹತ್ತು ಭಾಗದಷ್ಟಿದ್ದರೂ ಮೂಗಿಗೆ ತಿಳಿಯುತ್ತದೆ. ಇದರಿಂದ ಅಪಾಯವಿಲ್ಲ. ಆದರೆ ಕ್ಲೋರಿನ್ ಇದನ್ನು ತೆಗೆಯುವುದಿಲ್ಲ. ಪುಡಿ ಮಾಡಿದ ಆಕ್ಟಿವೇಟೆಡ್ ಕಾರ್ಬನ್ (ವಾಸನೆ ಹೀರುವಂತೆ ತಯಾರಿಸಿದ ಇದ್ದಿಲು) ತೆಗೆಯುತ್ತದೆ. ಪಟಕಕ್ಕಿಂತ ಅರ್ಧ ಗಂಟೆ ಮೊದಲು, ಲೀಟರಿಗೆ 10ರಿಂದ 30 ಮಿಲಿಗ್ರಾಂ. ಕ್ಲೋರಿನ್ ಜೊತೆ ಸೇರಿಸಿದರೆ ಎರಡೂ ವ್ಯರ್ಥ. ವರ್ಷಪೂರ್ತಿ ಹಾಕುವಷ್ಟು ಅಗ್ಗವಲ್ಲ, ಆದರೆ ಕೆಟ್ಟ ಮೂರು ವಾರಕ್ಕೆ ದಾಸ್ತಾನು ಇಟ್ಟುಕೊಳ್ಳಬಹುದು.

ಕೊನೆಗೆ ವಿಷದ ಮಾತು. ಮೈಕ್ರೋಸಿಸ್ಟಿಸ್‌ನಂಥ ಪಾಚಿ ಮೈಕ್ರೋಸಿಸ್ಟಿನ್ ಎಂಬ ವಿಷ ತಯಾರಿಸಬಲ್ಲದು. ಎಲ್ಲ ಸಲವೂ ತಯಾರಿಸುತ್ತದೆ ಅಂತಲ್ಲ. ಅದು ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ ಪೆಟ್ಟು ಕೊಡುತ್ತದೆ. ದಿನವೂ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ಈರಿ ಸರೋವರದ ಪಾಚಿಯಿಂದಾಗಿ ಸುಮಾರು ನಾಲ್ಕು ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಬೇಕಾಯಿತು. ಕಾಯಿಸಲೂ ಬೇಡಿ ಅಂದರು. ಕಾಯಿಸಿದರೆ ಈ ವಿಷ ನಾಶವಾಗುವುದಿಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನೂ ಗಾಢವಾಗುತ್ತದೆ.

ನಿಮ್ಮ ಕೈಯಲ್ಲಿರುವ ಕೊನೆಯ ಅಸ್ತ್ರ ಸೋಸಿದ ನೀರಿಗೆ ಹಾಕುವ ಕ್ಲೋರಿನ್. ಕೋಶಗಳೆಲ್ಲ ತೆಗೆದಾದ ಮೇಲೆ, ಕರಗಿ ಉಳಿದ ಮೈಕ್ರೋಸಿಸ್ಟಿನ್ನನ್ನು ಅದು ಒಡೆಯಬಲ್ಲದು. ಷರತ್ತು ಎರಡು: ಪಿಎಚ್ 8ಕ್ಕಿಂತ ಕಡಿಮೆ ಇರಬೇಕು, ಅರ್ಧ ಗಂಟೆ ಆದ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಿಎಚ್ 9ರಲ್ಲಿ ಕ್ಲೋರಿನ್ನಿನ ಬಲ ಬಹುಪಾಲು ಹೋಗಿರುತ್ತದೆ. ಇಲ್ಲೂ ಅದೇ ಪಿಎಚ್ ಹಾಳೆ ನಿಮಗೆ ದಾರಿ ತೋರಿಸುತ್ತದೆ.

ಬೇಸಿಗೆಗೆ ಮೊದಲೇ ಹತ್ತಿರದ ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರನ್ನು ಪರಿಚಯ ಮಾಡಿಕೊಳ್ಳಿ. ವಾರಕ್ಕೊಂದು ಬಾಟಲಿ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಪಾಚಿ ಅಂತ ಹೇಳಬಲ್ಲರು. ಮೈಕ್ರೋಸಿಸ್ಟಿಸ್ ಜಾಸ್ತಿಯಾಗುತ್ತಿದೆ ಅಂದರೆ ವಿಷದ ಪರೀಕ್ಷೆಗೆ ಮಾದರಿ ಕಳಿಸಲು ಇಲಾಖೆಗೆ ಲಿಖಿತವಾಗಿ ಕೇಳಿ. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಅದನ್ನು ನೋಡುವುದಿಲ್ಲ. ದಡದಲ್ಲಿ ಹಸಿರು ಬಣ್ಣ ಬಳಿದ ಹಾಗೆ ಕೆನೆ ಕಟ್ಟಿದ್ದರೆ ದನಕರುಗಳನ್ನು ಅಲ್ಲಿ ನೀರು ಕುಡಿಸದಂತೆ ಊರಲ್ಲಿ ಡಂಗುರ ಹೊಡೆಸಿ. ದನ, ನಾಯಿ ಸತ್ತ ಘಟನೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ನಿಮ್ಮ ನೀರು ಡಯಾಲಿಸಿಸ್ ಇರುವ ಯಾವುದಾದರೂ ಆಸ್ಪತ್ರೆಗೆ ಹೋಗುತ್ತದೆಯೇ ಅಂತ ಈಗಲೇ ವಿಚಾರಿಸಿ. ಬ್ರೆಜಿಲ್‌ನ ಕರುವಾರು ಎಂಬ ಊರಿನಲ್ಲಿ 1996ರಲ್ಲಿ ಸರಿಯಾಗಿ ಶುದ್ಧ ಮಾಡದ ಜಲಾಶಯದ ನೀರು ಟ್ಯಾಂಕರಿನಲ್ಲಿ ಡಯಾಲಿಸಿಸ್ ಕೇಂದ್ರಕ್ಕೆ ಹೋಯಿತು. ಮೈಕ್ರೋಸಿಸ್ಟಿನ್ ನೇರ ರಕ್ತಕ್ಕೆ ಸೇರಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಕುಡಿಯುವವರಿಗಿಂತ ಡಯಾಲಿಸಿಸ್ ರೋಗಿಗಳಿಗೆ ಅಪಾಯ ಬಹಳ ಹೆಚ್ಚು. ಹಾಗೆ ಹೋಗುತ್ತಿದ್ದರೆ, ಕೆರೆ ಹಸಿರಾದ ದಿನವೇ ಆ ಆಸ್ಪತ್ರೆಯ ತಂತ್ರಜ್ಞರಿಗೆ ಫೋನ್ ಮಾಡಿ. ಅವರ ಕಾರ್ಬನ್ ಸೋಸು, ಆರ್‌ಒ ಎರಡನ್ನೂ ಅವರು ಅವತ್ತೇ ಪರೀಕ್ಷಿಸಿಕೊಳ್ಳಬೇಕು.